662ರ ಗುಡ್ಡ: ಕಾಳಿ ನದಿಯ ಮಣ್ಣನ್ನು ಸಾಫ್ಟ್‌ವೇರ್ ಓದುವ ಕಥೆ

ಇವತ್ತಿನ ಎಪಿಸೋಡ್ ಒಂದು ನಂಬರ್ ಬಗ್ಗೆ. 662. ಕೊನೇವರೆಗೂ ಬೇಕಾಗುತ್ತೆ, ನೆನಪಿಟ್ಕೊಳ್ಳಿ.

ಮೊದಲು ಜಾಗ ಹೇಳಿಬಿಡ್ತೀನಿ. ಕಾಳಿ ನದಿ ಅರಬ್ಬಿ ಸಮುದ್ರ ಸೇರುವ ಕಡೆ, ದಕ್ಷಿಣ ದಂಡೆಯಲ್ಲಿ ಕಾರವಾರ, ಉತ್ತರ ದಂಡೆಯಲ್ಲಿ ಸದಾಶಿವಗಡದ ಗುಡ್ಡ ಮತ್ತು ಚಿತ್ತಾಕುಲ. ಹಳೇ ಊರು. ಪೋರ್ಚುಗೀಸರ ಬರಹಗಳಲ್ಲಿ ಸಿಂತಾಕೋರಾ ಅಂತ ಬರೋ ಬಂದರು ಇದೇ. ಇಲ್ಲಿಂದ ನದಿ ಹಿಡಿದು ಮೇಲಕ್ಕೆ ಹೋದರೆ ಕದ್ರಾ ಅಣೆಕಟ್ಟು ಸಿಗುತ್ತೆ. ಅದರ ಹಿನ್ನೀರಿನ ದಂಡೆಯಲ್ಲಿ, ಕಾಡಿನ ನಡುವೆ, ಕೈಗಾ ಅಣು ವಿದ್ಯುತ್ ಸ್ಥಾವರ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು. ಮೊದಲನೆಯದು 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿತು, ನಾಲ್ಕನೆಯದು 2011ರಲ್ಲಿ. ತಲಾ 700 ಮೆಗಾವ್ಯಾಟ್‌ನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ.

ಕೈಗಾದ ರಾಜಕೀಯ ಇತಿಹಾಸ ನಿಮಗೆ ಅಷ್ಟಿಷ್ಟು ಗೊತ್ತಿರುತ್ತೆ. ಶಿವರಾಮ ಕಾರಂತರು ಈ ಯೋಜನೆಯನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೇ ನಿಂತರು, ಸೋತರು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕುಸಿಯಿತು. ಅದೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಭಯ, ಹೆಮ್ಮೆ ಎರಡಕ್ಕೂ ಇಲ್ಲಿ ಕಾರಣ ಇದೆ.

ಆದರೆ ನದಿಯ ಬಾಯಲ್ಲಿ ಕೂತವರ ಪ್ರಶ್ನೆ ಇಷ್ಟು ದೊಡ್ಡದಲ್ಲ. ತುಂಬಾ ಚಿಕ್ಕದು. "ನೀರಲ್ಲಿ ಏನಾದ್ರೂ ಬರ್ತಾ ಇದ್ಯಾ? ಮೀನು ತಿನ್ನಬಹುದಾ?" ಇದಕ್ಕೆ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತೆ. ಒಂದು, "ಎಲ್ಲ ಸೇಫ್, ಸುಮ್ನಿರಿ." ಇನ್ನೊಂದು, "ಎಲ್ಲ ವಿಷ, ಮುಗೀತು ಕಥೆ." ನನಗೆ ಮೂರನೇದೊಂದು ಬೇಕಿತ್ತು: ಯಾರಿಗಾದರೂ ಅದು ಗೊತ್ತಾಗೋದು ಹೇಗೆ? ಹುಡುಕ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಎರಡು ಕಾಲಂ ಇರೋ ಒಂದು ಫೈಲ್, ಮತ್ತು ಅದರಲ್ಲಿ ಗುಡ್ಡ ಹುಡುಕೋ ಒಂದು ಸಾಫ್ಟ್‌ವೇರ್.

ಚಿಲ್ಲರೆ ವಿಂಗಡಿಸುವ ಯಂತ್ರ

ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಗಲ್ಲಾಪೆಟ್ಟಿಗೆ ಚಿಲ್ಲರೆ ವಿಂಗಡಿಸ್ತಾರಲ್ಲ? ಒಂದು ರೂಪಾಯಿ ಒಂದು ಕಡೆ, ಎರಡು ಇನ್ನೊಂದು ಕಡೆ, ಐದು, ಹತ್ತು. ಗಾಮಾ ಸ್ಪೆಕ್ಟ್ರೋಮೀಟರ್ ಮಾಡೋದೂ ಅದನ್ನೇ.

ನದಿ ದಂಡೆಯ ಮಣ್ಣು ತರ್ತಾರೆ. ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ, ಗಾಳಿ ಆಡದ ಹಾಗೆ ಸೀಲ್ ಮಾಡಿ ಸುಮಾರು ಒಂದು ತಿಂಗಳು ಇಡ್ತಾರೆ. ಯಾಕೆ ಅಂದ್ರೆ, ಮಣ್ಣಿನ ರೇಡಿಯಂನಿಂದ ಹುಟ್ಟೋ ರೇಡಾನ್ ಒಂದು ಅನಿಲ. ಅದು ತಪ್ಪಿಸಿಕೊಂಡರೆ ಲೆಕ್ಕ ತಪ್ಪುತ್ತೆ. ಆಮೇಲೆ ಆ ಡಬ್ಬಿಯನ್ನು ದಪ್ಪ ಸೀಸದ ಕೋಟೆಯೊಳಗೆ, ಡಿಟೆಕ್ಟರ್ ಪಕ್ಕ ಇಟ್ಟು, ಹಲವು ಗಂಟೆ, ಕೆಲವೊಮ್ಮೆ ಇಡೀ ದಿನ ಎಣಿಸ್ತಾರೆ. ಒಂದೊಂದು ಗಾಮಾ ಕಿರಣ ಬಂದು ಬಡಿದಾಗಲೂ ಅದರ ಶಕ್ತಿ ಎಷ್ಟು ಅಂತ ನೋಡಿ, ಆ ಶಕ್ತಿಯ ಖಾನೆಗೆ ಒಂದು ಲೆಕ್ಕ ಸೇರಿಸ್ತಾರೆ. ಕೊನೆಗೆ ಸಿಗೋದು ಎರಡು ಕಾಲಂ: ಯಾವ ಖಾನೆ, ಅದರಲ್ಲಿ ಎಷ್ಟು ಎಣಿಕೆ.

ಇದನ್ನ ಗ್ರಾಫ್ ಮಾಡಿದರೆ ಪಶ್ಚಿಮ ಘಟ್ಟವನ್ನು ದೂರದಿಂದ ನೋಡಿದ ಹಾಗೆ ಕಾಣುತ್ತೆ. ಎಡಗಡೆ ಎತ್ತರ, ಬಲಕ್ಕೆ ಹೋಗ್ತಾ ಇಳಿಜಾರು, ಆ ಇಳಿಜಾರಿನ ಮೇಲೆ ಅಲ್ಲಲ್ಲಿ ಚೂಪಾದ ಗುಡ್ಡಗಳು. ಒಂದೊಂದು ಗುಡ್ಡವೂ ಒಂದೊಂದು ಪರಮಾಣುವಿನ ವಿಳಾಸ. 1461 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಇದ್ದರೆ ಪೊಟ್ಯಾಸಿಯಂ-40. ಇದು ಬಾಳೆಹಣ್ಣಲ್ಲಿದೆ, ಮೀನಲ್ಲಿದೆ, ನಿಮ್ಮ ಮೈಯಲ್ಲೂ ಇದೆ. 2615 ಹತ್ತಿರ ಇದ್ದರೆ ಥೋರಿಯಂ ವಂಶದ ಥ್ಯಾಲಿಯಂ-208. 609 ಇದ್ದರೆ ರೇಡಿಯಂ ವಂಶದ ಬಿಸ್ಮತ್-214. ಇವೆಲ್ಲ ಭೂಮಿ ಹುಟ್ಟಿದಾಗಿನಿಂದ ಇರೋ ವಂಶಗಳು, ಕೈಗಾಗೂ ಇವಕ್ಕೂ ಸಂಬಂಧ ಇಲ್ಲ.

ಮತ್ತೆ 662? ಅದು ಸೀಸಿಯಂ-137. ಮನುಷ್ಯ ಪರಮಾಣು ಒಡೆದ ಮೇಲೆ ಹುಟ್ಟಿದ್ದು. ನಮ್ಮ ಕಥೆಯ ಗುಡ್ಡ ಇದೇ.

ಕತ್ತರಿ, ತಕ್ಕಡಿ ಮತ್ತು ಪೆನ್ಸಿಲ್

ಗುಡ್ಡ ಎಲ್ಲಿದೆ ಅಂತ ನೋಡಿದರೆ ಯಾವ ಪರಮಾಣು ಅಂತ ಗೊತ್ತಾಗುತ್ತೆ. ಎಷ್ಟಿದೆ ಅಂತ ತಿಳಿಯೋಕೆ ಗುಡ್ಡದ ವಿಸ್ತೀರ್ಣ ಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನ ಹೇಗೆ ಮಾಡ್ತಿದ್ರು ಗೊತ್ತಾ? ಗ್ರಾಫ್ ಶೀಟ್‌ನ ಚೌಕ ಎಣಿಸ್ತಿದ್ರು. ಕೆಮಿಸ್ಟ್ರಿ ಲ್ಯಾಬ್‌ಗಳಲ್ಲಂತೂ ಗುಡ್ಡದ ಆಕಾರವನ್ನು ಕಾಗದದಿಂದ ಕತ್ತರಿಸಿ ತಕ್ಕಡಿಗೆ ಹಾಕ್ತಿದ್ರು. ಕಾಗದದ ತೂಕವೇ ವಿಸ್ತೀರ್ಣ! ಜೋಕ್ ಅಲ್ಲ, ದಶಕಗಳ ಕಾಲ ಅದು ಗೌರವಾನ್ವಿತ ವಿಧಾನವಾಗಿತ್ತು.

ಒಂದೇ ಒಂಟಿ ಗುಡ್ಡವಾದರೆ ಕತ್ತರಿ ಸಾಕು. ಎರಡು ಗುಡ್ಡ ಒಂದರೊಳಗೊಂದು ಸೇರಿಕೊಂಡಿದ್ದರೆ ಎಲ್ಲಿ ಕತ್ತರಿಸ್ತೀರಿ? ಅಲ್ಲಿ ಬೇಕಾಗೋದು ಗಣಿತ. ಈ ಗಣಿತ ನನ್ನಂಥ ಬಿ.ಕಾಂ. ಓದಿದವಳಿಗೂ ಪರಿಚಯದ್ದೇ. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪೇಪರ್‌ನಲ್ಲಿ ಐದು ವರ್ಷದ ಮಾರಾಟದ ಅಂಕಿ ಕೊಟ್ಟು ಟ್ರೆಂಡ್ ಲೈನ್ ಎಳೀರಿ ಅಂತಾರಲ್ಲ, ಲೀಸ್ಟ್ ಸ್ಕ್ವೇರ್ಸ್ ವಿಧಾನದಲ್ಲಿ? ಅದೇ. ಗೆರೆಗೂ ನಿಜವಾದ ಅಂಕಿಗೂ ಇರೋ ವ್ಯತ್ಯಾಸಗಳನ್ನು ವರ್ಗ ಮಾಡಿ ಕೂಡಿಸಿ, ಆ ಮೊತ್ತ ಅತ್ಯಂತ ಕಡಿಮೆ ಆಗುವಂಥ ಗೆರೆಯನ್ನು ಆರಿಸಿಕೊಳ್ಳೋದು.

ನಾವು ಮಾರಾಟದ ಅಂಕಿಗೆ ಬಳಸಿದ ಈ ವಿಧಾನದ ಬೇರು ಆಕಾಶದಲ್ಲಿದೆ. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಝಿ, ಸೀರೀಸ್ ಅನ್ನೋ ಪುಟ್ಟ ಆಕಾಶಕಾಯವನ್ನು ಕಂಡುಹಿಡಿದರು. ಕೆಲವೇ ವಾರಗಳಲ್ಲಿ ಅದು ಸೂರ್ಯನ ಬೆಳಕಿನಲ್ಲಿ ಕಳೆದುಹೋಯಿತು. ಇಪ್ಪತ್ತನಾಲ್ಕು ವರ್ಷದ ಜರ್ಮನ್ ಗಣಿತಜ್ಞ ಗಾಸ್, ಇದ್ದ ಸ್ವಲ್ಪ ದಾಖಲೆಯಿಂದಲೇ ಅದರ ಹಾದಿ ಲೆಕ್ಕ ಹಾಕಿದರು. ವರ್ಷದ ಕೊನೆಗೆ ಅವರು ಹೇಳಿದ ಜಾಗದ ಹತ್ತಿರವೇ ಅದು ಸಿಕ್ಕಿತು. ಲೀಸ್ಟ್ ಸ್ಕ್ವೇರ್ಸ್ ಅನ್ನು ಮೊದಲು ಅಚ್ಚು ಹಾಕಿಸಿದ್ದು ಫ್ರಾನ್ಸಿನ ಲೆಜಾಂಡ್ರ್, 1805ರಲ್ಲಿ. ಗಾಸ್ 1809ರಲ್ಲಿ ಪ್ರಕಟಿಸಿ, "ನಾನು 1795ರಿಂದಲೇ ಬಳಸ್ತಿದ್ದೀನಿ" ಅಂದರು. ಜಗಳ ಆಯ್ತು. ಆ ಜಗಳ ಇನ್ನೊಂದು ಎಪಿಸೋಡ್‌ಗೆ ಇರಲಿ.

ಗುಡ್ಡದ ವಿಷಯದಲ್ಲಿ ಒಂದು ತೊಡಕಿದೆ. ಸರಳರೇಖೆಯಾದರೆ ಸೂತ್ರಕ್ಕೆ ಹಾಕಿದ ತಕ್ಷಣ ಉತ್ತರ ಬರುತ್ತೆ. ಗುಡ್ಡಕ್ಕೆ ಎತ್ತರ, ಅಗಲ, ಜಾಗ ಮೂರೂ ಬೇಕು, ಮೂರೂ ಒಂದಕ್ಕೊಂದು ಸಿಕ್ಕಿಹಾಕ್ಕೊಂಡಿರುತ್ತೆ. ಹಾಗಾಗಿ ಮೊದಲು ಒಂದು ಅಂದಾಜು ಹೇಳಬೇಕು, ಆಮೇಲೆ ಹೆಜ್ಜೆ ಹೆಜ್ಜೆಯಾಗಿ ತಿದ್ದಬೇಕು. ಮಂಜಲ್ಲಿ ಘಟ್ಟ ಇಳಿದ ಹಾಗೆ. ದಾರಿ ಖಾತ್ರಿ ಇದ್ದರೆ ದೊಡ್ಡ ಹೆಜ್ಜೆ, ಅನುಮಾನ ಬಂದರೆ ಚಿಕ್ಕ ಹೆಜ್ಜೆ. ಈ ಜಾಣತನವನ್ನು 1944ರಲ್ಲಿ ಬರೆದವರು ಅಮೆರಿಕ ಸೇನೆಯ ಶಸ್ತ್ರಾಗಾರದಲ್ಲಿ ಕೆಲಸ ಮಾಡುತ್ತಿದ್ದ ಲೆವೆನ್‌ಬರ್ಗ್. ಅದನ್ನೇ 1963ರಲ್ಲಿ ಮತ್ತೆ ಕಂಡುಕೊಂಡವರು ಡ್ಯೂಪಾಂಟ್ ಕಂಪನಿಯ ಮಾರ್ಕ್ವಾರ್ಟ್. ಇಬ್ಬರ ಹೆಸರೂ ಸೇರಿ ಲೆವೆನ್‌ಬರ್ಗ್-ಮಾರ್ಕ್ವಾರ್ಟ್ ವಿಧಾನ ಆಯಿತು. ಇವತ್ತು ಗುಡ್ಡ ಹೊಂದಿಸೋ ಬಹುತೇಕ ಸಾಫ್ಟ್‌ವೇರ್‌ಗಳ ಒಳಗೆ ಓಡೋದು ಇದೇ.

ಗಾಮಾ ಸ್ಪೆಕ್ಟ್ರಮ್‌ಗೆ ಇದನ್ನ ಗಟ್ಟಿಯಾಗಿ ತಂದವರಲ್ಲಿ ಫಿನ್ಲೆಂಡ್‌ನ ರೌಟ್ಟಿ ಮತ್ತು ಅಮೆರಿಕದ ಪ್ರಸಿನ್ ಮುಖ್ಯರು. ಬರ್ಕ್ಲಿಯಲ್ಲಿ ಇವರು ಬರೆದ ಸಾಂಪೋ ಪ್ರೋಗ್ರಾಂ 1969ರಲ್ಲಿ ಪ್ರಕಟವಾಯಿತು. ಆಗ ಅದಕ್ಕೆ ಕೋಣೆ ತುಂಬುವ ಕಂಪ್ಯೂಟರ್ ಬೇಕಿತ್ತು. ಆಮೇಲೆ ಪರ್ಸನಲ್ ಕಂಪ್ಯೂಟರ್ ಬಂತು, ಜೆನಿ-2000, ಗಾಮಾವಿಷನ್ ಥರದ ಪ್ಯಾಕೇಜ್‌ಗಳು ಲ್ಯಾಬ್‌ನ ಮೇಜಿಗೇ ಬಂದವು. ಮುಂದೆ ಪೋಲೆಂಡಿನ ಮಾರ್ಚಿನ್ ವೋಯ್ದಿರ್ ಅವರು ಫಿಟಿಕ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಬರೆದರು. ಅದರ ಪ್ರಬಂಧ 2010ರಲ್ಲಿ ಬಂತು. ಅಂದ್ರೆ ಒಂದು ಕಾಲದಲ್ಲಿ ರಾಷ್ಟ್ರೀಯ ಪ್ರಯೋಗಾಲಯಗಳಿಗೆ ಮಾತ್ರ ಸಾಧ್ಯವಿದ್ದ ಲೆಕ್ಕ ಈಗ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಆಗುತ್ತೆ.

ಒಂದು ಗುಡ್ಡವಾ, ಎರಡಾ?

ಆಗುತ್ತೆ ಅಂದಮೇಲೆ ಮಾಡಿ ನೋಡಬೇಕಲ್ಲ? ಸ್ಪ್ರೆಡ್‌ಶೀಟ್‌ನಲ್ಲಿ ನಾನೇ ಒಂದು ನಕಲಿ ಸ್ಪೆಕ್ಟ್ರಮ್ ಮಾಡಿದೆ. ಸೋಡಿಯಂ ಅಯೋಡೈಡ್ ಅನ್ನೋ, ಅಗ್ಗದ ಡಿಟೆಕ್ಟರ್‌ನಲ್ಲಿ ಕಾಣೋ ಥರ ಗುಡ್ಡಗಳನ್ನು ಅಗಲ ಮಾಡಿದೆ. 609ರಲ್ಲಿ ಬಿಸ್ಮತ್‌ಗೆ 600 ಎಣಿಕೆ, 662ರಲ್ಲಿ ಸೀಸಿಯಂಗೆ 300 ಎಣಿಕೆ. ಮೇಲೆ ಒಂದಿಷ್ಟು ಗದ್ದಲ ಸೇರಿಸಿದೆ. ಫೈಲನ್ನು ಫಿಟಿಕ್‌ಗೆ ಕೊಟ್ಟೆ.

ಕೆಲಸ ಸುಲಭ. ಮೊದಲು ಬೇಸ್‌ಲೈನ್ ಎಳೀಬೇಕು, ಅಂದ್ರೆ ಗುಡ್ಡದ ಬುಡ ಎಲ್ಲಿ ಅಂತ ಹೇಳಬೇಕು. ಆಮೇಲೆ ಗಾಸಿಯನ್ ಆಕಾರದ ಒಂದು ಗುಡ್ಡ ಇಟ್ಟು, ಫಿಟ್ ಅಂತ ಒತ್ತಬೇಕು. ಕಣ್ಣು ಮಿಟುಕಿಸೋದ್ರೊಳಗೆ ನುಣುಪಾದ ಗೆರೆಯೊಂದು ಚುಕ್ಕಿಗಳ ಮೇಲೆ ಕೂತುಕೊಳ್ಳುತ್ತೆ.

ನಾನು ಒಂದೇ ಗುಡ್ಡ ಇದೆ ಅಂತ ಹೇಳಿದಾಗ ಸಾಫ್ಟ್‌ವೇರ್ ತಕರಾರು ಮಾಡಲಿಲ್ಲ. ಹೆಚ್ಚುಕಡಿಮೆ 900 ಎಣಿಕೆಯ ಒಂದು ದಪ್ಪ ಗುಡ್ಡವನ್ನು 626ರ ಆಸುಪಾಸಿನಲ್ಲಿ ನಿಲ್ಲಿಸಿತು. 626 ಯಾರ ವಿಳಾಸ? ನಾನು ಹಾಕಿದ ಎರಡರಲ್ಲಿ ಯಾರದ್ದೂ ಅಲ್ಲ. ಆದರೂ ಗೆರೆ ಚೆನ್ನಾಗಿಯೇ ಕಾಣ್ತಿತ್ತು. ಎರಡು ಗುಡ್ಡ ಇದೆ, ಜಾಗ 609 ಮತ್ತು 662 ಅಂತ ಹೇಳಿದ ಮೇಲೆ ಲೆಕ್ಕ 600, 300ರ ಹತ್ತಿರ ಬಂತು. ಇನ್ನೂ ಒಂದು ತಮಾಷೆ ಮಾಡಿದೆ. ಬೇಸ್‌ಲೈನನ್ನು ಸ್ವಲ್ಪ ಮೇಲೆ ಎಳೆದೆ. ಸೀಸಿಯಂ ಕುಗ್ಗಿತು. ಕೆಳಗೆ ಎಳೆದೆ, ಬೆಳೆಯಿತು. ಫೈಲ್ ಅದೇ, ಮಣ್ಣು ಅದೇ ಅಂದ್ಕೊಳ್ಳಿ, ಆದರೆ ಉತ್ತರ ಬೇರೆ.

ಇದು ಸಾಫ್ಟ್‌ವೇರ್‌ನ ದೋಷ ಅಲ್ಲ. ನಾವು ಏನು ಕೇಳ್ತೀವೋ ಅದಕ್ಕೆ ಅದು ಉತ್ತರ ಕೊಡುತ್ತೆ, ಕೊಡೋದನ್ನ ಬಿಡಲ್ಲ. ಅದಕ್ಕೇ ಅನುಭವಸ್ಥರು ನುಣುಪಾದ ಗೆರೆಗಿಂತ ಮುಂಚೆ ನೋಡೋದು ರೆಸಿಡ್ಯುಯಲ್, ಅಂದ್ರೆ ಗೆರೆ ಕಳೆದ ಮೇಲೆ ಉಳಿದದ್ದು. ಉಳಿದದ್ದು ಚೆಲ್ಲಾಪಿಲ್ಲಿಯಾಗಿದ್ದರೆ ಸರಿ. ಅಲೆ ಥರ ಏರಿಳಿತ ಇದ್ದರೆ ಅಲ್ಲಿ ನಾವು ಲೆಕ್ಕಕ್ಕೆ ತಗೊಳ್ಳದ ಯಾರೋ ಇದ್ದಾರೆ ಅಂತ ಅರ್ಥ.

ಇಂಥ ಗೊಂದಲ ಕಡಿಮೆ ಮಾಡೋಕೇ ಗಂಭೀರ ಪ್ರಯೋಗಾಲಯಗಳು ದ್ರವ ಸಾರಜನಕದಲ್ಲಿ ತಣ್ಣಗಿಟ್ಟ ಜರ್ಮೇನಿಯಂ ಡಿಟೆಕ್ಟರ್ ಬಳಸೋದು. ಅದರಲ್ಲಿ ಗುಡ್ಡಗಳು ಸೂಜಿಯಷ್ಟು ಚೂಪು. ಆದರೂ ಕೆಲವು ಜೋಡಿ ಬಿಡಲ್ಲ. ರೇಡಿಯಂ-226ರದ್ದು 186.2, ಯುರೇನಿಯಂ-235ರದ್ದು 185.7. ಅರ್ಧ ಕಿಲೋ ಎಲೆಕ್ಟ್ರಾನ್ ವೋಲ್ಟ್ ಅಂತರ. ಯಾವ ಡಿಟೆಕ್ಟರ್ ತಂದರೂ ಒಂದೇ ಗುಡ್ಡ. ಅದಕ್ಕೇ ರೇಡಿಯಂ ಅಳೆಯೋರು ಡಬ್ಬಿ ಸೀಲ್ ಮಾಡಿ, ತಿಂಗಳು ಕಾದು, ಅದರ ಸಂತಾನವಾದ ಬಿಸ್ಮತ್‌ನ 609 ನೋಡೋದು.

ಸೀಸಿಯಂ ಯಾರದ್ದು?

ಈಗ ಕಾಳಿ ತೀರಕ್ಕೆ ವಾಪಸ್. ಇಲ್ಲಿನ ಮಣ್ಣಿನಲ್ಲಿ 662ರ ಗುಡ್ಡ ಸಿಕ್ಕಿತು ಅಂತಿಟ್ಟುಕೊಳ್ಳಿ. ಕೈಗಾದಿಂದ ಬಂತು ಅಂತ ಹೇಳಬಹುದಾ? ಅಷ್ಟು ಬೇಗ ಇಲ್ಲ. 1950 ಮತ್ತು 60ರ ದಶಕದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ವಾತಾವರಣದಲ್ಲಿ ಸಿಡಿಸಿದ ಬಾಂಬ್‌ಗಳ ಸೀಸಿಯಂ ಇಡೀ ಭೂಮಿಗೆ ಹರಡಿತು. ಅದು ನೆಲಕ್ಕೆ ಇಳಿದಿದ್ದು ಮುಖ್ಯವಾಗಿ ಮಳೆಯ ಜೊತೆ, ಮತ್ತೆ ನಮ್ಮಲ್ಲಿ ಮಳೆಗೇನು ಕೊರತೆ? ಸೀಸಿಯಂ-137ರ ಅರ್ಧಾಯು 30 ವರ್ಷ. 1963ರಲ್ಲಿ ವಾತಾವರಣದ ಪರೀಕ್ಷೆ ನಿಲ್ಲಿಸೋ ಒಪ್ಪಂದ ಆಯಿತು. ಎರಡು ಅರ್ಧಾಯು ಕಳೆದಿವೆ. ಅಂದರೆ ಆಗ ಬಿದ್ದದ್ದರ ಸುಮಾರು ಕಾಲು ಭಾಗ ಇನ್ನೂ ಇದೆ. ಕೈಗಾ ಇರದಿದ್ದರೂ ಇರ್ತಿತ್ತು.

ಹಾಗಾದರೆ ಬೇರ್ಪಡಿಸೋದು ಹೇಗೆ? ಅದಕ್ಕೊಬ್ಬ ಸಾಕ್ಷಿ ಇದ್ದಾನೆ. ಸೀಸಿಯಂ-134. ಇದು ಹುಟ್ಟೋದು ರಿಯಾಕ್ಟರ್‌ನಲ್ಲಿ, ಬಾಂಬ್‌ನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅರ್ಧಾಯು ಎರಡೇ ವರ್ಷ. ಅದು ಕಂಡರೆ ಇತ್ತೀಚಿನದು, ರಿಯಾಕ್ಟರ್‌ನದು ಅಂತ ಅರ್ಥ. ಅದರ ಮುಖ್ಯ ಗುಡ್ಡ ಎಲ್ಲಿ? 604.7. ಪಕ್ಕದ ಮನೆ ಯಾರದ್ದು? ಬಿಸ್ಮತ್, 609.3. ನೋಡಿ, ಮತ್ತೆ ಅದೇ ಸಮಸ್ಯೆ: ಎಲ್ಲ ಮಣ್ಣಲ್ಲೂ ಇರೋ ದೊಡ್ಡ ಗುಡ್ಡದ ಬುಡದಲ್ಲಿ ಒಂದು ಪುಟ್ಟ ಗುಡ್ಡ ಇದೆಯಾ, ಇಲ್ಲವಾ? ಅದಕ್ಕೆ 796ರಲ್ಲಿ ಇನ್ನೊಂದು ಗುಡ್ಡವೂ ಇರೋದರಿಂದ ಎರಡನ್ನೂ ತಾಳೆ ನೋಡ್ತಾರೆ.

ಇದು ಬರೀ ಪುಸ್ತಕದ ಮಾತಲ್ಲ, ಮೀನಿನಲ್ಲೇ ನಡೆದಿದೆ. 2011ರ ಮಾರ್ಚ್‌ನಲ್ಲಿ ಜಪಾನ್‌ನ ಫುಕುಶಿಮಾ ಅಪಘಾತ ಆಯಿತು. ಅದೇ ಆಗಸ್ಟ್‌ನಲ್ಲಿ, ಪೆಸಿಫಿಕ್‌ನ ಆಚೆ ದಡದ ಸ್ಯಾನ್ ಡಿಯೇಗೋ ಹತ್ತಿರ ಹಿಡಿದ 15 ಬ್ಲೂಫಿನ್ ಟ್ಯೂನಾ ಮೀನುಗಳಲ್ಲಿ ಸೀಸಿಯಂ-134 ಸಿಕ್ಕಿತು. ಮೀನುಗಳು ಅದನ್ನು ಹೊತ್ತು ಸಾಗರ ದಾಟಿದ್ದವು. ಪ್ರಮಾಣ, ಮೀನಿನಲ್ಲಿ ಸಹಜವಾಗಿರೋ ಪೊಟ್ಯಾಸಿಯಂ-40ಕ್ಕಿಂತ ತುಂಬಾ ಕಡಿಮೆ. ಆದರೆ ಇಷ್ಟು ಖಚಿತವಾಗಿ ಹೇಳೋಕೆ ಅವರಿಗೆ ಸಾಧ್ಯವಾಗಿದ್ದು ಒಂದೇ ಕಾರಣಕ್ಕೆ: 2008ರಲ್ಲಿ, ಅಂದ್ರೆ ಅಪಘಾತಕ್ಕೆ ಮೊದಲೇ, ಹಿಡಿದಿದ್ದ ಅದೇ ಜಾತಿಯ ಮೀನಿನ ಮಾದರಿಗಳೂ ಇದ್ದವು. ಅವುಗಳಲ್ಲಿ ಸೀಸಿಯಂ-134 ಇರಲಿಲ್ಲ.

"ಮೊದಲು ಹೇಗಿತ್ತು" ಅನ್ನೋ ಈ ದಾಖಲೆಯೇ ಎಲ್ಲದರ ಬೇಸ್‌ಲೈನ್. ಕೈಗಾ ವಿಷಯದಲ್ಲಿ ಅಂಥ ಕೆಲಸ ಮಾಡಿದವರಲ್ಲಿ ಮಂಗಳೂರು ವಿಶ್ವವಿದ್ಯಾಲಯದವರೂ ಇದ್ದಾರೆ. ಕೈಗಾ ಸುತ್ತಲಿನ ರೇಡಿಯಂ-226, ಥೋರಿಯಂ-232, ಪೊಟ್ಯಾಸಿಯಂ-40 ಎಷ್ಟಿದೆ ಅಂತ ಎನ್. ಕರುಣಾಕರ ಮತ್ತು ಸಹೋದ್ಯೋಗಿಗಳು ಅಳೆದರು. ಆ ಪ್ರಬಂಧ 2001ರಲ್ಲಿ ಹೆಲ್ತ್ ಫಿಸಿಕ್ಸ್ ಪತ್ರಿಕೆಯಲ್ಲಿ ಬಂತು. ನಾಲ್ಕು ಘಟಕಗಳ ಪೈಕಿ ಎರಡು ಆಗತಾನೇ ಶುರುವಾಗಿದ್ದ ಕಾಲ ಅದು. ಸ್ಥಾವರದ ಬಳಿಯೇ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷೆ ಪ್ರಯೋಗಾಲಯವೂ ಇದೆ. ಗಾಳಿ, ನೀರು, ಮಣ್ಣು, ಮೀನು, ಬೆಳೆಗಳ ಮಾದರಿ ತೆಗೆದು ಎಣಿಸೋದು ಅದರ ಕೆಲಸ.

ಗುಡ್ಡ ಇಲ್ಲ ಅಂದ್ರೆ ಏನರ್ಥ?

ಇಂಥ ವರದಿಗಳಲ್ಲಿ ಒಂದು ಮಾತು ಪದೇ ಪದೇ ಬರುತ್ತೆ: "ಪತ್ತೆ ಮಿತಿಗಿಂತ ಕಡಿಮೆ." ಇದನ್ನ ಕೆಲವರು ಸೊನ್ನೆ ಅಂತ ಓದ್ತಾರೆ, ಕೆಲವರು ಮುಚ್ಚಿಡ್ತಿದ್ದಾರೆ ಅಂತ ಓದ್ತಾರೆ. ಎರಡೂ ಅಲ್ಲ. ಕಾರವಾರದ ಮೀನು ಮಾರ್ಕೆಟ್‌ನಲ್ಲಿ ಬೆಳಿಗ್ಗೆ ನಿಂತು ಬ್ಯಾಗ್‌ನೊಳಗಿನ ಫೋನ್ ರಿಂಗ್ ಕೇಳಿಸ್ತಾ ಇದೆಯಾ ಅಂತ ಯೋಚಿಸಿ. ಕೇಳಿಸಲಿಲ್ಲ ಅಂದ್ರೆ ಫೋನ್ ಬರಲಿಲ್ಲ ಅಂತಲ್ಲ. ಬಂದಿದ್ದರೂ ಈ ಗದ್ದಲದಲ್ಲಿ ಕೇಳಿಸುವಷ್ಟು ಜೋರಾಗಿರಲಿಲ್ಲ ಅಂತ. ಎಷ್ಟು ಜೋರಿದ್ದರೆ ಖಾತ್ರಿಯಾಗಿ ಕೇಳಿಸುತ್ತೆ ಅನ್ನೋದಕ್ಕೆ ಅಮೆರಿಕದ ಲಾಯ್ಡ್ ಕರ್ರಿ 1968ರಲ್ಲಿ ಸೂತ್ರ ಕೊಟ್ಟರು. ಇಡೀ ಜಗತ್ತು ಇವತ್ತಿಗೂ ಅದರ ಮೇಲೇ ನಡೀತಿದೆ. ಹೆಚ್ಚು ಹೊತ್ತು ಎಣಿಸಿದರೆ ಮಿತಿ ಕೆಳಗಿಳಿಯುತ್ತೆ. ಬೇಗ ಮುಗಿಸಿದರೆ ಮಿತಿ ಮೇಲಿರುತ್ತೆ. ಅದಕ್ಕೇ ಮಿತಿ ಎಷ್ಟು ಅಂತ ಹೇಳದೆ "ಮಿತಿಗಿಂತ ಕಡಿಮೆ" ಅಂದ್ರೆ ಅದು ಅರ್ಧ ವಾಕ್ಯ.

ಗುಡ್ಡವೇ ಮಾಡದ ವಸ್ತುವೂ ಇದೆ. ಟ್ರಿಟಿಯಂ. ಭಾರಜಲ ಬಳಸೋ ಕೈಗಾ ಥರದ ರಿಯಾಕ್ಟರ್‌ಗಳಲ್ಲಿ ಮುಖ್ಯವಾಗಿ ಲೆಕ್ಕ ಇಡಬೇಕಾದದ್ದು ಇದು. ಇದು ಗಾಮಾ ಕಿರಣ ಬಿಡಲ್ಲ, ದುರ್ಬಲ ಬೀಟಾ ಮಾತ್ರ. 2009ರ ನವೆಂಬರ್‌ನಲ್ಲಿ ಕೈಗಾದ ಒಂದು ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಸೇರಿ, ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಹೋಯಿತು. ಅದು ಬಯಲಾಗಿದ್ದು ಮೂತ್ರ ಪರೀಕ್ಷೆಯಲ್ಲಿ, ಬೇರೆಯದೇ ಯಂತ್ರದಲ್ಲಿ. ಆ ಕೂಲರ್ ಪಕ್ಕ ಎಷ್ಟು ಒಳ್ಳೇ ಗಾಮಾ ಡಿಟೆಕ್ಟರ್ ಇಟ್ಟು, ಎಷ್ಟು ಒಳ್ಳೇ ಸಾಫ್ಟ್‌ವೇರ್ ಹಾಕಿದ್ದರೂ ಟ್ರಿಟಿಯಂನ ಗುಡ್ಡ ಕಾಣ್ತಿರಲಿಲ್ಲ.

ವೋಚರ್ ಎಲ್ಲಿ?

ಅಕೌಂಟ್ಸ್ ಓದಿದವಳಾಗಿ ನನಗೆ ಕೊನೆಗೆ ಅನ್ನಿಸಿದ್ದು ಇದು. ವರದಿಯಲ್ಲಿರೋ ಅಂಕಿ ಒಂದು ಬ್ಯಾಲೆನ್ಸ್ ಶೀಟ್. ಅದರ ಹಿಂದಿರೋ ಎರಡು ಕಾಲಂನ ಫೈಲ್ ವೋಚರ್. ಬ್ಯಾಲೆನ್ಸ್ ಶೀಟ್ ಮಾತ್ರ ತೋರಿಸಿ ನಂಬಿ ಅಂದ್ರೆ ಯಾವ ಆಡಿಟರೂ ಸಹಿ ಹಾಕಲ್ಲ. ವೋಚರ್ ಕೊಟ್ಟರೆ, ಬೇಸ್‌ಲೈನ್ ಎಲ್ಲಿ ಎಳೆದ್ರಿ, ಎಷ್ಟು ಗುಡ್ಡ ಅಂತ ಹೇಳಿದ್ರಿ ಅನ್ನೋದನ್ನ ಬೇರೆಯವರೂ ತಾಳೆ ನೋಡಬಹುದು. ಮೊದಲು ಇದಕ್ಕೆ ಕೋಣೆ ತುಂಬುವ ಕಂಪ್ಯೂಟರ್ ಬೇಕಿತ್ತು, ಈಗ ನೆಪ ಇಲ್ಲ. ಜಿಲ್ಲೆಯ ಯಾವುದೇ ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬ್‌ನಲ್ಲಿ, ಹಳೇ ಡೆಸ್ಕ್‌ಟಾಪ್‌ನಲ್ಲೂ ಆಗುತ್ತೆ.

ಹಾಗಾಗಿ ಮುಂದಿನ ಸಲ ಸಾರ್ವಜನಿಕ ಸಭೆಯಲ್ಲೋ ವಾಟ್ಸಾಪ್ ಫಾರ್ವರ್ಡ್‌ನಲ್ಲೋ ಯಾರಾದ್ರೂ ಒಂದು ಅಂಕಿ ಹೇಳಿದರೆ, ಸ್ಥಾವರದ ಪರ ಇರಲಿ, ವಿರೋಧ ಇರಲಿ, ಮೂರು ಪ್ರಶ್ನೆ ಕೇಳಿ. ಯಾವ ಡಿಟೆಕ್ಟರ್, ಎಷ್ಟು ಹೊತ್ತು ಎಣಿಸಿದ್ರಿ? ಪತ್ತೆ ಮಿತಿ ಎಷ್ಟು? ಸ್ಪೆಕ್ಟ್ರಮ್ ಫೈಲ್ ಕೊಡ್ತೀರಾ? ಮೂರಕ್ಕೂ ಉತ್ತರ ಬಂದರೆ ಆ ಅಂಕಿಯ ಜೊತೆ ಮಾತು ಮುಂದುವರಿಸಬಹುದು. ಬರದಿದ್ದರೆ ಅದು ಅಭಿಪ್ರಾಯ ಅಷ್ಟೇ.

ಇವತ್ತಿಗೆ ಇಷ್ಟು. ನಿಮ್ಮ ಕಾಲೇಜ್ ಲ್ಯಾಬ್‌ನಲ್ಲಿ ಗಾಮಾ ಸ್ಪೆಕ್ಟ್ರೋಮೀಟರ್ ಇದ್ದರೆ ಒಂದು ಮಾತು: ಊರಿನ ಮಣ್ಣು ಎಣಿಸಿದಾಗ ಫೈಲನ್ನು ದಿನಾಂಕ, ಜಾಗ ಬರೆದು ಜೋಪಾನವಾಗಿಡಿ. ಇಪ್ಪತ್ತು ವರ್ಷ ಬಿಟ್ಟು ಯಾರಿಗೋ ಅದೇ ಬೇಸ್‌ಲೈನ್ ಆಗುತ್ತೆ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.